ಹಿತ್ತಲಲ್ಲಿ ಬಟಾಣಿ: ಬಿತ್ತುವ ದಿನದಿಂದ ಬೀಜ ಎತ್ತಿಡುವವರೆಗೆ

ನಾನು ಮೊದಲ ಸಲ ಬಟಾಣಿ ಬಿತ್ತಿದ್ದು ಶಿವರಾತ್ರಿಯ ರಜೆಯಲ್ಲಿ. ಆ ದಿನವನ್ನು ಆರಿಸಿಕೊಂಡದ್ದಕ್ಕೆ ಕಾರಣ ಇಷ್ಟೇ: ಕೈ ಖಾಲಿಯಿತ್ತು, ಅಡುಗೆಮನೆಯ ಡಬ್ಬಿಯಲ್ಲಿ ಒಣ ಬಟಾಣಿಯಿತ್ತು. ಮೊಳಕೆ ಚೆನ್ನಾಗಿಯೇ ಬಂತು, ಬಳ್ಳಿ ಮೊಳದುದ್ದ ಏರಿತು. ಮಾರ್ಚ್ ಕೊನೆಗೆ ಹೂ ಬಿಟ್ಟಿತು. ಅರಳಿದ್ದು ಅರಳಿದಂತೆ ಉದುರಿತು. ಏಪ್ರಿಲ್ ಎರಡನೇ ವಾರಕ್ಕೆ ಗಿಡವೆಲ್ಲ ಒಣಹುಲ್ಲು. ಒಟ್ಟು ಫಸಲು ನಾಲ್ಕು ಕಾಯಿ, ಒಳಗೆ ಒಂಬತ್ತು ಕಾಳು. ಎಣಿಸಿದವರು ನಮ್ಮ ಅತ್ತೆ. "ತಲೆಗೆ ಎರಡು ಬಂದು ಒಂದು ಉಳಿಯುತ್ತದೆ, ಪಲಾವ್ ಮಾಡಲೇನು?" ಎಂದು ಕೇಳಿದರು.

ಆ ವರ್ಷ ನಾನು ಗೊಬ್ಬರ ಬದಲಿಸಿದ್ದೆ, ನೀರು ಹೆಚ್ಚಿಸಿದ್ದೆ, ಬೇವಿನೆಣ್ಣೆ ಸಿಂಪಡಿಸಿದ್ದೆ. ತಪ್ಪು ಅವುಗಳಲ್ಲಿ ಇರಲೇ ಇಲ್ಲ. ತಾರೀಕು ತಪ್ಪಿತ್ತು, ಬೀಜವೂ ತಪ್ಪಿತ್ತು. ಬೆಂಡೆ, ಬದನೆ, ಟೊಮೇಟೊ ಗಿಡಗಳು ಕಾಲ ಹಿಂದೆಮುಂದಾದರೂ ಹೇಗೋ ನಿಭಾಯಿಸಿಕೊಳ್ಳುತ್ತವೆ. ಬಟಾಣಿ ನಿಭಾಯಿಸುವುದಿಲ್ಲ. ಅದರ ಕಾಲಕ್ಕೆ ಬಿತ್ತಿದರೆ ಇಷ್ಟು ಸುಲಭದ ತರಕಾರಿ ಇನ್ನೊಂದಿಲ್ಲ. ಕಾಲ ಮೀರಿದರೆ ಎಷ್ಟು ಆರೈಕೆ ಮಾಡಿದರೂ ದಂಡ. ಅದಕ್ಕಾಗಿ ಈ ಬರಹ ಮಣ್ಣಿನಿಂದ ಆರಂಭವಾಗುವುದಿಲ್ಲ, ಕ್ಯಾಲೆಂಡರಿನಿಂದ ಆರಂಭವಾಗುತ್ತದೆ.

ಯಾವಾಗ ಬಿತ್ತಬೇಕು

ಬಟಾಣಿ ಗಿಡಕ್ಕೆ ಹಿತವೆನಿಸುವುದು 13ರಿಂದ 18 ಡಿಗ್ರಿ ಸೆಲ್ಸಿಯಸ್‌ನ ತಂಪು. 25ರವರೆಗಿನ ಹಗಲನ್ನು ಗೊಣಗದೆ ಸಹಿಸುತ್ತದೆ. 30 ದಾಟಿದರೆ ಹೂವು ಕಾಯಿ ಕಟ್ಟುವುದಿಲ್ಲ, ಕಟ್ಟಿದ ಕಾಯಿಯಲ್ಲಿ ಕಾಳು ತುಂಬುವುದಿಲ್ಲ. ಬೆಂಗಳೂರಿನ ಡಿಸೆಂಬರ್ ನೋಡಿ: ಹಗಲು 26-27 ಡಿಗ್ರಿ, ರಾತ್ರಿ 16ರ ಆಸುಪಾಸು. ಅಂದರೆ ನಮ್ಮ ಅತಿ ತಂಪಾದ ತಿಂಗಳು ಕೂಡ ಬಟಾಣಿಯ ಪಾಲಿಗೆ ಸ್ವರ್ಗವಲ್ಲ, ಬದುಕಲು ಸಾಕಾಗುವಷ್ಟು ಮಾತ್ರ. ಆದ್ದರಿಂದ ಗಿಡ ಹೂ ಬಿಟ್ಟು ಕಾಯಿ ತುಂಬಿಸುವ ಒಂದು ತಿಂಗಳು ಡಿಸೆಂಬರ್ ಮತ್ತು ಜನವರಿಯ ಮೊದಲ ಭಾಗದಲ್ಲೇ ಬೀಳಬೇಕು.

ಇನ್ನು ಹಿಂದಕ್ಕೆ ಲೆಕ್ಕ ಹಾಕಿ. ಬೇಗ ಬರುವ ತಳಿಗಳು ಬಿತ್ತಿದ 35-40 ದಿನಕ್ಕೆ ಹೂ ಬಿಡುತ್ತವೆ. ಅಲ್ಲಿಗೆ ಬಿತ್ತನೆ ಅಕ್ಟೋಬರ್ 20ರಿಂದ ನವೆಂಬರ್ 15ರೊಳಗೆ ಆಗಬೇಕು. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಚಿತ್ತೆ ಮಳೆ ಮುಗಿಯುವಾಗ ಶುರು ಮಾಡಿ, ಸ್ವಾತಿಯಲ್ಲಿ ಬಿತ್ತಿ, ವಿಶಾಖ ಮುಗಿಯುವಷ್ಟರಲ್ಲಿ ಕೈ ತೊಳೆದುಕೊಳ್ಳಿ. ದೀಪಾವಳಿ ಪ್ರತಿ ವರ್ಷ ಈ ಅವಧಿಯ ಸುತ್ತಮುತ್ತಲೇ ಬರುವುದರಿಂದ ನಮ್ಮ ಮನೆಯಲ್ಲಿ ಎಣ್ಣೆಸ್ನಾನದ ನೀರು ಕಾಯುವಾಗ ಬಟಾಣಿಯ ನೆನಪಾಗುತ್ತದೆ.

ಒಂದು ತೊಡಕಿದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿಯುವುದೂ ಇದೇ ಹೊತ್ತಿನಲ್ಲಿ. ಬಿತ್ತಿದ ಮರುದಿನ ಅಂಥ ಮಳೆ ಬಂದರೆ ಬೀಜ ಮಣ್ಣಿನೊಳಗೇ ಕೊಳೆತು ನಾರುತ್ತದೆ. ಹವಾಮಾನ ವರದಿ ನೋಡಿಕೊಂಡು ಮಳೆಯ ಬಿಡುವಿನಲ್ಲಿ ಬಿತ್ತಿ. ಎಲ್ಲವನ್ನೂ ಒಂದೇ ದಿನ ಬಿತ್ತದೆ ಹತ್ತು ದಿನಗಳ ಅಂತರದಲ್ಲಿ ಮೂರು ಕಂತು ಮಾಡಿದರೆ ಒಂದು ಕಂತು ಹಾಳಾದರೂ ಎರಡು ಉಳಿಯುತ್ತವೆ, ಕಾಯಿಯೂ ಒಂದೇ ವಾರದಲ್ಲಿ ಬಂದು ಮುಗಿದುಹೋಗುವುದಿಲ್ಲ.

ಈ ತಾರೀಕುಗಳು ಬೆಂಗಳೂರು, ಮೈಸೂರು, ಕೋಲಾರ, ತುಮಕೂರು, ಹಾಸನದ ಬಯಲು ಭಾಗಕ್ಕೆ ಹೊಂದುತ್ತವೆ. ಧಾರವಾಡ, ಬೆಳಗಾವಿಯವರಿಗೂ ಇವೇ ಸಾಕು. ರಾತ್ರಿಯ ಚಳಿ ನಮಗಿಂತ ಅವರಿಗೇ ಹೆಚ್ಚು ಅನುಕೂಲ. ಹಾಸನ, ಚಿಕ್ಕಮಗಳೂರು ಕಡೆಯ ರೈತರು ಮುಂಗಾರಿನಲ್ಲೂ ಬಟಾಣಿ ಬೆಳೆಯುತ್ತಾರೆ, ಅಲ್ಲಿನ ತಂಪು ಅದಕ್ಕೆ ಅವಕಾಶ ಕೊಡುತ್ತದೆ. ರಾಯಚೂರು, ಕಲಬುರಗಿಯಲ್ಲಿ ಬಿತ್ತನೆಯ ಅವಧಿ ತೀರಾ ಕಿರಿದು: ನವೆಂಬರ್ ಮೊದಲರ್ಧ, ಅದೂ ಮಧ್ಯಾಹ್ನ ನೆರಳು ಬೀಳುವ ಜಾಗದಲ್ಲಿ. ಮಂಗಳೂರು, ಉಡುಪಿ, ಕಾರವಾರದವರು ಬೇಸರಿಸಬಾರದು, ನಿಮ್ಮ ಹಿತ್ತಲಲ್ಲಿ ಕಾಯಿಯ ಆಸೆ ಬಿಡುವುದೇ ಒಳ್ಳೆಯದು. ಕುಡಿಗಾಗಿ ಬೆಳೆಯಬಹುದು, ಅದರ ಮಾತು ಮುಂದೆ ಬರುತ್ತದೆ.

ಬೀಜ: ದಿನಸಿ ಅಂಗಡಿಯದು ಬೇಡ

ದಿನಸಿ ಅಂಗಡಿಯ ಒಣ ಬಟಾಣಿ ಮೊಳೆಯುವುದಿಲ್ಲ ಎಂದೇನಿಲ್ಲ, ನನ್ನದು ಮೊಳೆಯಿತಲ್ಲ. ಆದರೆ ಅದು ಬೇಳೆಗಾಗಿ, ಮಸಾಲೆಪುರಿಗಾಗಿ ಬೆಳೆದ ಜಾತಿ. ಕಾಳು ಗುಂಡಗೆ, ನುಣ್ಣಗೆ ಇರುತ್ತದೆ. ಹಸಿಯಾಗಿ ಕಿತ್ತರೂ ಹಿಟ್ಟುಹಿಟ್ಟು. ತರಕಾರಿ ಬಟಾಣಿಯ ಬಿತ್ತನೆ ಬೀಜವನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ. ಬಹುತೇಕ ತಳಿಗಳಲ್ಲಿ ಅದು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿರುತ್ತದೆ. ಮೊದಲ ಸಲ ಕೊಂಡವರು ಹಳೇ ಮಾಲು ಕೊಟ್ಟಿದ್ದಾರೆಂದು ಅಂಗಡಿಯವರ ಜತೆ ಜಗಳಕ್ಕೆ ಹೋಗುವುದುಂಟು. ಆ ಸುಕ್ಕೇ ಸಿಹಿಯ ಗುರುತು. ಸಕ್ಕರೆಯನ್ನು ಪಿಷ್ಟವಾಗಿಸುವ ಒಂದು ಕಿಣ್ವ ಈ ಕಾಳುಗಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಸಕ್ಕರೆ ಹೆಚ್ಚು ಉಳಿಯುತ್ತದೆ, ಸಕ್ಕರೆಯಿದ್ದಲ್ಲಿ ನೀರೂ ಹೆಚ್ಚು ಸೇರುತ್ತದೆ, ಒಣಗಿದಾಗ ಆ ನೀರು ಹೋಗಿ ಸಿಪ್ಪೆ ಮುದುಡುತ್ತದೆ. 1856ರಿಂದ ಸುಮಾರು ಎಂಟು ವರ್ಷ ಬ್ರನೋ ಪಟ್ಟಣದ ಮಠದ ತೋಟದಲ್ಲಿ ಬಟಾಣಿ ಬೆಳೆದು ಗ್ರೆಗೊರ್ ಮೆಂಡಲ್ ಎಣಿಸಿದ ಏಳು ಲಕ್ಷಣಗಳಲ್ಲಿ ಈ ಗುಂಡು ಮತ್ತು ಸುಕ್ಕು ಕೂಡ ಒಂದು. ಪ್ರೌಢಶಾಲೆಯಲ್ಲಿ ಮೂರಕ್ಕೆ ಒಂದು ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅದೇ ಕಾಳು.

ಸುಕ್ಕು ಬೀಜಕ್ಕೆ ಒಂದು ದೌರ್ಬಲ್ಯವೂ ಇದೆ: ಅದೇ ಸಕ್ಕರೆಯ ದೆಸೆಯಿಂದ ಒದ್ದೆ ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ. ಮಳೆಯ ಬಿಡುವಿನಲ್ಲಿ ಬಿತ್ತಿ ಎಂದದ್ದು ಅದಕ್ಕೇ.

ತಳಿಗಳ ವಿಷಯ. ಅರ್ಕೆಲ್ ಇಂಗ್ಲೆಂಡಿನಿಂದ ಬಂದ ಹಳೆಯ ತಳಿ, ಗಿಡ್ಡ, ಎರಡು ತಿಂಗಳಿಗೆಲ್ಲ ಮೊದಲ ಕೊಯ್ಲು. ಬಾನ್‌ವಿಲ್ ಅಮೆರಿಕದ್ದು, ಸ್ವಲ್ಪ ಎತ್ತರ, ನಿಧಾನ. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳೆಲ್ಲ ಅರ್ಕಾ ಎಂಬ ಹೆಸರಿನಿಂದ ಆರಂಭವಾಗುತ್ತವೆ. ಅರ್ಕಾವತಿ ನದಿಯ ಸೀಮೆಯಲ್ಲಿ ಕುಳಿತು ಬೇರೆ ಹೆಸರು ಹುಡುಕುವ ಅಗತ್ಯವೂ ಇರಲಿಲ್ಲ. ಅವುಗಳಲ್ಲಿ ಅರ್ಕಾ ಅಜಿತ್ ಬೂದಿ ರೋಗ ಮತ್ತು ತುಕ್ಕು ರೋಗ ಎರಡನ್ನೂ ತಡೆದುಕೊಳ್ಳುತ್ತದೆ. ಅರ್ಕಾ ಸಂಪೂರ್ಣ ಸಿಪ್ಪೆಸಮೇತ ತಿನ್ನುವ ಬಟಾಣಿ. ಬಿಸಿಲು ತಾಳುವ ತಳಿಗಳೂ ಬಂದಿವೆ: ಅರ್ಕಾ ಉತ್ತಮ್, ಅರ್ಕಾ ಚೈತ್ರ, ಅರ್ಕಾ ತಪಸ್. ಬಿಸಿ ಊರಿನವರು ಇವುಗಳನ್ನೇ ಹುಡುಕಬೇಕು. ಮೊದಲ ವರ್ಷದವರು ಒಂದೇ ತಳಿ ಕೊಳ್ಳುವುದಾದರೆ ಅರ್ಕಾ ಅಜಿತ್ ಕೊಳ್ಳಿ ಎನ್ನುತ್ತೇನೆ. ಬೇಗ ಬರುವುದು ಅರ್ಕೆಲ್, ನಿಜ. ಆದರೆ ಜನವರಿಯ ಬೂದಿ ರೋಗಕ್ಕೆ ಅದು ತಲೆ ಒಡ್ಡಿ ಕೂರುತ್ತದೆ.

ನರ್ಸರಿಯಲ್ಲಿ ಸ್ವೀಟ್ ಪೀ ಎಂಬ ಪೊಟ್ಟಣ ಕಂಡರೆ ಮೋಸಹೋಗಬೇಡಿ. ಅದು ಪರಿಮಳದ ಹೂವಿನ ಬಳ್ಳಿ, ಕಾಯಿ ನೋಡಲು ಬಟಾಣಿಯಂತೆಯೇ ಇರುತ್ತದೆ, ಕಾಳು ವಿಷ. ಮಕ್ಕಳಿರುವ ಮನೆಯಲ್ಲಿ ಎರಡನ್ನೂ ಅಕ್ಕಪಕ್ಕ ಬೆಳೆಸಲೇಬೇಡಿ. ಹಾಗೆಯೇ ಬೀಜದ ಮೇಲೆ ಗುಲಾಬಿ ಅಥವಾ ನೀಲಿ ಬಣ್ಣ ಬಳಿದಿದ್ದರೆ ಅದು ಶಿಲೀಂಧ್ರನಾಶಕ. ಕೈಚೀಲ ಹಾಕಿ ಬಿತ್ತಿ, ಉಳಿದದ್ದನ್ನು ಅಡುಗೆಮನೆಗೆ ತರಬೇಡಿ.

ಎಷ್ಟು ಗಿಡ

ಹೆಚ್ಚಿನವರು ಸೋಲುವುದು ಇಲ್ಲಿ. ಎರಡು ಕುಂಡದಲ್ಲಿ ನಾಲ್ಕು ನಾಲ್ಕು ಗಿಡ ಬೆಳೆಸಿ, ವಾರಕ್ಕೆ ಆರು ಕಾಯಿ ಕಿತ್ತು, ಬಟಾಣಿ ದಂಡದ ಬೆಳೆ ಎಂದು ತೀರ್ಮಾನಿಸುತ್ತಾರೆ. ಮನೆಯಲ್ಲಿ ಒಂದು ಗಿಡ ಇಡೀ ಆಯುಸ್ಸಿನಲ್ಲಿ ಕೊಡುವುದು ಹತ್ತು ಹನ್ನೆರಡು ಕಾಯಿ. ಕಾಯಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಸಿಪ್ಪೆ. ನಾಲ್ಕು ಜನರ ಪಲಾವಿಗೆ ಒಂದು ಪಾವು ಕಾಳು ಬೇಕೆಂದರೆ ನೂರರ ಸಮೀಪ ಕಾಯಿ ಸುಲಿಯಬೇಕು. ನಲವತ್ತು ಗಿಡವಿದ್ದರೆ ಒಂದು ಹಂಗಾಮಿನಲ್ಲಿ ಅಂಥ ನಾಲ್ಕು ಅಡುಗೆ ಸಿಗುತ್ತದೆ. ನಲವತ್ತು ಎಂದರೆ ಹೆದರುವುದು ಬೇಡ. ಇದು ಇಕ್ಕಟ್ಟಿನಲ್ಲಿ ಬದುಕುವ ಗಿಡ. ಒಂದಡಿ ಅಗಲದ ಗ್ರೋ ಬ್ಯಾಗಿನಲ್ಲಿ ಎಂಟು ಹಿಡಿಯುತ್ತದೆ, ಐದು ಚೀಲ ಸಾಕು. ನೆಲದಲ್ಲಾದರೆ ಕಾಂಪೌಂಡಿನ ಪಕ್ಕ ಐದಡಿಯ ಎರಡು ಸಾಲು. ಐವತ್ತು ಗ್ರಾಂ ಬೀಜ ತಂದರೆ ಇದಕ್ಕೂ ಮುಂದಿನ ಕಂತುಗಳಿಗೂ ಸಾಕಾಗಿ ಮಿಗುತ್ತದೆ.

ಮಣ್ಣು

ನೀರು ನಿಲ್ಲದಂತಿದ್ದರೆ ಸಾಕು. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಅರ್ಧ ಪಾಲು ತೆಂಗಿನ ನಾರಿನ ಪುಡಿ, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ. ಚೀಲ ಒಂದಡಿ ಆಳವಿರಲಿ. ನೆಲವಾದರೆ ಒಂದು ಗೇಣು ಆಳ ಅಗೆದು ಗೊಬ್ಬರ ಬೆರೆಸಿ, ಏರುಮಡಿ ಮಾಡಿ. ಮಲೆನಾಡಿನ ಹುಳಿಮಣ್ಣಿನವರು ಬಿತ್ತುವ ಎರಡು ಮೂರು ವಾರ ಮೊದಲೇ ಸ್ವಲ್ಪ ಕೃಷಿ ಸುಣ್ಣ ಬೆರೆಸುವುದು ಒಳ್ಳೆಯದು. ಕಟ್ಟಿಗೆ ಒಲೆಯ ಬೂದಿ ಸಿಕ್ಕಿದರೆ ಒಂದು ಹಿಡಿ ಅದನ್ನೂ ಸೇರಿಸಿ, ಪೊಟ್ಯಾಷ್ ಬರುತ್ತದೆ.

ಯೂರಿಯಾ ಮುಟ್ಟಬೇಡಿ. ಸಾರಜನಕ ಹೆಚ್ಚಾದರೆ ಬಳ್ಳಿ ಕೊಬ್ಬುತ್ತದೆ, ಎಲೆ ಕಡುಹಸಿರಾಗಿ ಕಣ್ಣಿಗೆ ಹಬ್ಬವಾಗುತ್ತದೆ, ಕಾಯಿ ಮಾತ್ರ ಇರುವುದಿಲ್ಲ. ಬಟಾಣಿ ತನಗೆ ಬೇಕಾದ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಕೂರುವ ರೈಜೋಬಿಯಂ ಬ್ಯಾಕ್ಟೀರಿಯಾದ ನೆರವಿನಿಂದ ಗಾಳಿಯಿಂದಲೇ ಪಡೆಯುತ್ತದೆ. ಆದರೆ ಹಿಂದೆಂದೂ ಬಟಾಣಿ ಬೆಳೆಯದ ಮಣ್ಣಿನಲ್ಲಿ, ಅದರಲ್ಲೂ ತಾರಸಿಯ ಚೀಲದಲ್ಲಿ, ಆ ಬ್ಯಾಕ್ಟೀರಿಯಾ ಇರುವ ಭರವಸೆಯಿಲ್ಲ. ಕೃಷಿ ವಿಶ್ವವಿದ್ಯಾಲಯದ ಜೈವಿಕ ಗೊಬ್ಬರದ ಮಳಿಗೆಯಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಪೊಟ್ಟಣ ಕೇಳಿ. ಪೊಟ್ಟಣದ ಮೇಲೆ ಬಟಾಣಿಗೆಂದು ಇರಬೇಕು. ಶೇಂಗಾದ ರೈಜೋಬಿಯಂ ಬಟಾಣಿಯ ಬೇರಿಗೆ ಹೊಂದುವುದಿಲ್ಲ. ಬೆಲ್ಲದ ನೀರು ಕುದಿಸಿ, ಪೂರ್ತಿ ಆರಿಸಿ, ಎರಡು ಚಮಚದಲ್ಲಿ ಪುಡಿ ಕಲಸಿ, ಬೀಜಕ್ಕೆ ತೆಳುವಾಗಿ ಅಂಟುವಂತೆ ಹೊರಳಿಸಿ. ನೆರಳಿನಲ್ಲಿ ಅರ್ಧ ಗಂಟೆ ಆರಿಸಿ ಅಂದೇ ಬಿತ್ತಿ. ಬಿಸಿಲಿಗಿಟ್ಟರೆ ಬ್ಯಾಕ್ಟೀರಿಯಾ ಸಾಯುತ್ತದೆ. ಶಿಲೀಂಧ್ರನಾಶಕ ಬಳಿದ ಬೀಜಕ್ಕೆ ಇದನ್ನು ಹಚ್ಚಿ ಪ್ರಯೋಜನವಿಲ್ಲ.

ಬಿತ್ತನೆ

ಮೊದಲು ಪರೀಕ್ಷೆ. ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಆರು ದಿನ ಇಡಿ. ಎಂಟು ಮೊಳೆತರೆ ಒಳ್ಳೆಯ ಬೀಜ, ಐದಾದರೆ ಒತ್ತೊತ್ತಾಗಿ ಬಿತ್ತಬೇಕು, ಮೂರಾದರೆ ಬೇರೆ ತನ್ನಿ.

ರಾತ್ರಿಯಿಡೀ ನೆನೆಸುವ ಅಭ್ಯಾಸ ಬೇಡ. ಕಡಲೆ, ಹೆಸರುಕಾಳು ನೆನೆಸಿ ರೂಢಿಯಾದ ಕೈ ಬಟಾಣಿಯನ್ನೂ ಬಟ್ಟಲಿಗೆ ಹಾಕಿಬಿಡುತ್ತದೆ; ಸುಕ್ಕು ಬೀಜ ಅಷ್ಟು ಹೊತ್ತು ಮುಳುಗಿದರೆ ಒಡೆದು ಹಿಸಿಯುತ್ತದೆ. ಮೂರು ನಾಲ್ಕು ಗಂಟೆ ಸಾಕು. ಮಣ್ಣು ಹದವಾಗಿ ಒದ್ದೆಯಿದ್ದರೆ ಅದೂ ಬೇಡ. ರೈಜೋಬಿಯಂ ಹಚ್ಚುವವರು ನೆನೆಸುವುದನ್ನು ಬಿಟ್ಟೇಬಿಡಿ.

ತೋರುಬೆರಳಿನ ಒಂದು ಗೆಣ್ಣು ಮುಳುಗುವಷ್ಟು ಆಳ, ಬೀಜದಿಂದ ಬೀಜಕ್ಕೆ ಮೂರು ಬೆರಳು, ಸಾಲಿನಿಂದ ಸಾಲಿಗೆ ಒಂದೂವರೆ ಗೇಣು. ನೇರ ಅದರ ಜಾಗದಲ್ಲೇ ಬಿತ್ತಬೇಕು. ತಟ್ಟೆಯಲ್ಲಿ ಸಸಿ ಮಾಡಿ ನಾಟಿ ಮಾಡುವ ಉಪದ್ವ್ಯಾಪ ಬೇಡ, ಬೇರು ಅಲುಗಿದರೆ ಗಿಡ ಹದಿನೈದು ದಿನ ಸಿಡುಕುತ್ತದೆ. ಬಿತ್ತಿದ ದಿನ ಒಮ್ಮೆ ಚೆನ್ನಾಗಿ ನೀರು ಕೊಟ್ಟರೆ ಮೊಳಕೆ ಕಾಣುವವರೆಗೂ ಮಣ್ಣಿನ ಮೇಲ್ಪದರ ಒಣಗಿದಾಗ ಮಾತ್ರ ಚಿಮುಕಿಸಿ.

ಮತ್ತು ಮುಚ್ಚಿ. ಎರಡನೆಯ ವರ್ಷ ಸರಿಯಾದ ತಾರೀಕಿಗೆ ಸರಿಯಾದ ಬೀಜ ಬಿತ್ತಿ ಹೆಮ್ಮೆಯಿಂದ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಸಾಲಿನುದ್ದಕ್ಕೂ ಮೂರು ಬೆರಳಿಗೊಂದರಂತೆ ಅಚ್ಚುಕಟ್ಟಾದ ಕುಳಿಗಳು, ಪ್ರತಿ ಕುಳಿಯ ಅಂಚಿನಲ್ಲಿ ಸುಲಿದಿಟ್ಟ ಸಿಪ್ಪೆ. ಇಲಿಗೆ ನನ್ನ ಅಳತೆ ನನಗಿಂತ ಚೆನ್ನಾಗಿ ಗೊತ್ತಾಗಿತ್ತು. ಇಲಿ ಬಿಟ್ಟದ್ದನ್ನು ಅಳಿಲು, ಅಳಿಲು ಬಿಟ್ಟದ್ದನ್ನು ಪಾರಿವಾಳ. ಸಣ್ಣ ಕಣ್ಣಿನ ಕಬ್ಬಿಣದ ಜಾಲರಿಯನ್ನು ಮಡಿಯ ಮೇಲೆ ಬಗ್ಗಿಸಿ, ಅಂಚುಗಳನ್ನು ಮಣ್ಣಿಗೆ ಒತ್ತಿಬಿಡಿ. ಗಿಡ ನಾಲ್ಕು ಬೆರಳಾಗುವವರೆಗೆ ತೆಗೆಯಬೇಡಿ.

ಆರರಿಂದ ಹತ್ತು ದಿನಕ್ಕೆ ಮೊಳಕೆ ಕಾಣುತ್ತದೆ. ಹುರುಳಿಕಾಯಿಯಂತೆ ಇದು ಎರಡು ದಪ್ಪ ಬೀಜದಳಗಳನ್ನು ತಲೆಯ ಮೇಲೆ ಹೊತ್ತುಕೊಂಡು ಬರುವುದಿಲ್ಲ. ಬೀಜದಳಗಳು ಮಣ್ಣಿನಡಿಯೇ ಉಳಿಯುತ್ತವೆ, ಕೊಕ್ಕೆಯಂತೆ ಬಾಗಿದ ಕುಡಿ ಮಾತ್ರ ಮೇಲೆ ಬರುತ್ತದೆ. ಇದರಿಂದ ಒಂದು ಲಾಭವಿದೆ. ಹಕ್ಕಿ ಕುಡಿಯನ್ನು ಚಿವುಟಿಕೊಂಡು ಹೋದರೂ ಕೆಳಗಿನ ಗಿಣ್ಣಿನಿಂದ ಇನ್ನೊಂದು ಕುಡಿ ಒಡೆಯುತ್ತದೆ, ಆಹಾರದ ಗಂಟು ನೆಲದೊಳಗೆ ಭದ್ರವಾಗಿದೆಯಲ್ಲ. ಬೋಳಾಯಿತೆಂದು ಕಿತ್ತೆಸೆಯಬೇಡಿ, ಒಂದು ವಾರ ಕಾಯಿರಿ.

ಆಸರೆ

ಗಿಡ್ಡ ತಳಿಗೂ ಆಸರೆ ಬೇಕು. ಬೀಜದ ಪೊಟ್ಟಣದ ಮೇಲೆ ಬೇಡವೆಂದು ಬರೆದಿದ್ದರೂ ಬೇಕು. ನೆಲಕ್ಕೆ ಒರಗಿದ ಗಿಡದ ಕಾಯಿ ಗೊಂಡೆಹುಳುವಿನ ಪಾಲು. ಗಿಡ ಗೇಣೆತ್ತರವಾಗುವ ಮೊದಲೇ ಆಸರೆ ನಿಂತಿರಲಿ.

ಇಲ್ಲಿ ನಾನು ಮಾಡಿದ ಇನ್ನೊಂದು ದಡ್ಡತನ: ಗಟ್ಟಿಯಾಗಿರಲೆಂದು ದಪ್ಪ ಬಿದಿರಿನ ಗಳು ನೆಟ್ಟೆ. ಬಟಾಣಿ ಅದರ ಪಕ್ಕದಲ್ಲೇ ನೆಲಕ್ಕೆ ಬಿದ್ದು ಒದ್ದಾಡಿತು. ಹಾಗಲ, ಹೀರೆಯಂತೆ ಇದು ಬಲವಾದ ಬಳ್ಳಿಯಲ್ಲ. ಅವರೆಯಂತೆ ಕಾಂಡವೇ ಗಳುವನ್ನು ಸುತ್ತಿಕೊಳ್ಳುವ ಜಾತಿಯೂ ಅಲ್ಲ. ಹಿಡಿಯುವುದು ಎಲೆಯ ತುದಿಯಿಂದ ಹೊರಡುವ ದಾರದಂಥ ತಂತುಗಳು, ಅವು ಪೆನ್ಸಿಲ್‌ಗಿಂತ ದಪ್ಪವಿರುವುದನ್ನು ಸುತ್ತಲಾರವು. ತೆಂಗಿನ ಹುರಿ ಅವಕ್ಕೆ ಹೇಳಿ ಮಾಡಿಸಿದ್ದು. ಎರಡು ಗೂಟ ನೆಟ್ಟು ಗೇಣಿಗೊಂದರಂತೆ ಅಡ್ಡಡ್ಡ ಹುರಿ ಎಳೆಯಿರಿ. ಬೆಳಿಗ್ಗೆ ಗಾಳಿಯಲ್ಲಿ ತಡಕಾಡುತ್ತಿದ್ದ ತಂತು ಹುರಿಗೆ ತಾಗಿದ ಮೇಲೆ ಸಂಜೆಯ ಹೊತ್ತಿಗೆ ನೋಡಿ: ಒಂದೂವರೆ ಸುತ್ತು ಬಿಗಿದು, ಉಳಿದ ಭಾಗವನ್ನು ಸ್ಪ್ರಿಂಗಿನಂತೆ ಸುರುಳಿ ಮಾಡಿಕೊಂಡು ಗಿಡವನ್ನು ತನ್ನತ್ತ ಎಳೆದುಕೊಳ್ಳುತ್ತಿರುತ್ತದೆ. ನಮ್ಮ ಮಗಳು ಇದನ್ನು ನೋಡಲೆಂದೇ ಹೋಂವರ್ಕ್ ಬಿಟ್ಟು ಬರುತ್ತಿದ್ದಳು, ನಾನೂ ಬೈಯಲಿಲ್ಲ.

ಹುರಿಯಿಲ್ಲದಿದ್ದರೆ ಕವಲುಕವಲಾದ ಒಣ ರೆಂಬೆಗಳನ್ನು ಸಾಲಿನುದ್ದಕ್ಕೂ ಚುಚ್ಚಿದರೂ ಆಯಿತು. ನುಗ್ಗೆ, ದಾಸವಾಳದ ಹಸಿ ಕಡ್ಡಿ ಮಾತ್ರ ಚುಚ್ಚಬೇಡಿ. ಬಟಾಣಿ ಮುಗಿಯುವಷ್ಟರಲ್ಲಿ ಅಲ್ಲಿ ನುಗ್ಗೆ ತೋಪಾಗಿರುತ್ತದೆ.

ನೀರು, ಬಿಸಿಲು, ಮೇಲುಗೊಬ್ಬರ

ಬೆಳಗಿನ ಹೊತ್ತು ಐದಾರು ಗಂಟೆಗಳಷ್ಟು ಬಿಸಿಲು ಬೇಕು. ಮಧ್ಯಾಹ್ನ ಮೂರರ ಮೇಲೆ ನೆರಳು ಬಿದ್ದರೆ ಅದು ಉಪಕಾರವೇ. ಹೂ ಬಿಡುವವರೆಗೆ ನೀರಿನಲ್ಲಿ ಕೈ ಬಿಗಿಹಿಡಿಯಿರಿ. ಕೆಳಗಿನ ಎಲೆಗಳು ಹಳದಿಯಾದರೆ ಬಹುತೇಕರು ಇನ್ನೊಂದು ಚೊಂಬು ಸುರಿಯುತ್ತಾರೆ. ಮೊದಲು ಬೆರಳನ್ನು ಮಣ್ಣಿಗೆ ತೂರಿಸಿ ನೋಡಿ, ಹತ್ತಕ್ಕೆ ಎಂಟು ಸಲ ನೀರು ಹೆಚ್ಚಾಗಿಯೇ ಹಳದಿಯಾಗಿರುತ್ತದೆ. ಹೂ ಕಂಡ ಮೇಲೆ ಮಾತ್ರ ಲೆಕ್ಕ ಉಲ್ಟಾ. ಹೂವಿನಿಂದ ಕಾಳು ತುಂಬುವವರೆಗಿನ ಮೂರು ವಾರ ಮಣ್ಣು ಒಂದು ದಿನವೂ ಬಿರಿಯುವಂತೆ ಒಣಗಬಾರದು. ಬುಡಕ್ಕೆ ಒಣ ಎಲೆ ಹೊದಿಸಿದರೆ ಬೇರು ತಂಪಾಗಿರುತ್ತದೆ, ತಾರಸಿಯವರಿಗೆ ಇದು ಕಡ್ಡಾಯ. ಕಾಂಕ್ರೀಟಿನ ಕಾವು ಚೀಲದ ತಳದಿಂದ ಏರುತ್ತದೆ. ಚೀಲಗಳ ಕೆಳಗೆ ಎರಡು ಇಟ್ಟಿಗೆ ಇಡಿ.

ಹೂ ಬರುವ ಮೊದಲು ಒಂದು ಹಿಡಿ ಎರೆಗೊಬ್ಬರ, ಇಷ್ಟೇ ಮೇಲುಗೊಬ್ಬರ.

ಕೀಟ, ರೋಗ

ಸಸ್ಯಹೇನು ಬಂದೇ ಬರುತ್ತದೆ, ಎಳೆ ಕುಡಿಗೆ ಎಳ್ಳು ಮೆತ್ತಿದಂತೆ. ಕುಡಿಯ ಮೇಲೆ ಇರುವೆ ಓಡಾಡುತ್ತಿದ್ದರೆ ಹೇನು ಇದೆಯೆಂದೇ ತಿಳಿಯಿರಿ. ಹೇನು ಒಸರುವ ಸಿಹಿಗಾಗಿ ಇರುವೆ ಅದನ್ನು ಕಾಯುತ್ತದೆ. ಪೈಪಿನ ನೀರನ್ನು ರಭಸವಾಗಿ ಹಾಯಿಸಿ ಎರಡು ದಿನ ತೊಳೆದರೆ ಅರ್ಧ ಹೋಗುತ್ತದೆ. ಬೆಳಗಿನ ಇಬ್ಬನಿಯಲ್ಲಿ ಜರಡಿ ಹಿಡಿದ ಬೂದಿ ಉದುರಿಸುವುದು ಹಳಬರ ಉಪಾಯ, ಈಗಲೂ ನಡೆಯುತ್ತದೆ. ಮಿಕ್ಕರೆ ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರವ, ಸಂಜೆ ಹೊತ್ತು ಎಲೆಯ ಅಡಿಗೆ. ಸಿಂಪಡಿಸುವ ಮೊದಲು ಗುಲಗಂಜಿ ಹುಳು ಇದೆಯೇ ನೋಡಿ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಆ ಹುಳುವೂ ಮೊಸಳೆಮರಿಯಂತೆ ಕಾಣುವ ಅದರ ಮರಿಯೂ ಹೇನನ್ನೇ ತಿಂದು ಬದುಕುತ್ತವೆ. ಅವು ನಾಲ್ಕಾರು ಕಂಡರೆ ನಾನು ಬಾಟಲಿಯನ್ನು ವಾಪಸ್ ಇಟ್ಟುಬಿಡುತ್ತೇನೆ.

ಎಲೆಯ ಮೇಲೆ ಯಾರೋ ಬಿಳಿ ರಂಗೋಲಿ ಎಳೆದಂತೆ ಕಂಡರೆ ಅದು ರಂಗೋಲಿ ಹುಳು, ಎಲೆಯ ಎರಡು ಪದರಗಳ ನಡುವೆ ಮೇಯುತ್ತಾ ಹೋದ ದಾರಿ. ಆ ಎಲೆ ಕಿತ್ತು ಹೊಸಕಿ. ಕಾಯಿಯಲ್ಲಿ ತೂತು ಕಂಡರೆ ಕಾಯಿಕೊರಕ. ಬೆಳಿಗ್ಗೆ ಹುಡುಕಿ ಕೈಯಿಂದ ಆರಿಸುವುದೇ ನಲವತ್ತು ಗಿಡದ ತೋಟಕ್ಕೆ ಸಾಕಾದ ಮದ್ದು.

ಬೂದಿ ರೋಗ ನಿಜವಾದ ವೈರಿ. ಹಗಲು ಒಣಹವೆ, ರಾತ್ರಿ ಚಳಿ ಎಂದರೆ ಅದಕ್ಕೆ ಇಷ್ಟ, ನಮ್ಮ ಜನವರಿ ಸರಿಯಾಗಿ ಹಾಗೆಯೇ ಇರುತ್ತದೆ. ಮೊದಲು ಕೆಳಗಿನ ಎಲೆಯ ಮೇಲೆ ಮೈದಾ ಉದುರಿದಂಥ ಚುಕ್ಕೆ, ವಾರದಲ್ಲಿ ಇಡೀ ಗಿಡಕ್ಕೆ ಸುಣ್ಣ ಬಳಿದಂತೆ. ಚುಕ್ಕೆ ಕಂಡ ದಿನವೇ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬೆಳಿಗ್ಗೆ ಸಿಂಪಡಿಸಿ, ಐದು ದಿನಕ್ಕೊಮ್ಮೆ ಮತ್ತೆ ಮಾಡಿ. ಅದಕ್ಕೂ ಬಗ್ಗದಿದ್ದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ ಎರಡು ಗ್ರಾಂ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬಾರದು, ಎಣ್ಣೆಯೂ ಗಂಧಕವೂ ಸೇರಿದರೆ ಎಲೆ ಸುಡುತ್ತದೆ. ಈ ಕಾಯಿಲೆಗೆ ಇಷ್ಟು ಪಾಡು ಪಡುವ ಬದಲು ಅರ್ಕಾ ಅಜಿತ್ ಬಿತ್ತಬಹುದಿತ್ತಲ್ಲ ಎಂದು ಪ್ರತಿ ವರ್ಷ ಯಾರಾದರೂ ನನಗೆ ಹೇಳುತ್ತಾರೆ.

ಮಣ್ಣು ಒದ್ದೆಯಿದ್ದೂ ಗಿಡ ಜೋತುಬಿದ್ದರೆ ಸೊರಗು ರೋಗ. ಬುಡದ ಕಾಂಡ ಸೀಳಿದರೆ ಒಳಗೆ ಕಂದು ಬಣ್ಣ. ಇದಕ್ಕೆ ಮದ್ದಿಲ್ಲ, ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ. ಆ ಮಡಿಯಲ್ಲಿ ಮೂರು ವರ್ಷ ಬಟಾಣಿ ಬಿತ್ತಬೇಡಿ. ಚೀಲವಾದರೆ ಮಣ್ಣು ಬದಲಿಸಿ.

ಕುಡಿ, ಹೂ, ಕಾಯಿ

ಗಿಡ ಮೊಳದುದ್ದವಾದಾಗ ನೆತ್ತಿಯ ಎರಡೆಲೆ ಚಿವುಟಿದರೆ ಪಕ್ಕದ ಕವಲು ಒಡೆಯುತ್ತದೆ. ಚಿವುಟಿದ ಕುಡಿಯನ್ನು ಎಸೆಯಬೇಡಿ. ಒಗ್ಗರಣೆಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಎರಡು ನಿಮಿಷ ಬಾಡಿಸಿದರೆ ಬಟಾಣಿಯದೇ ರುಚಿಯ ಸೊಪ್ಪಿನ ಪಲ್ಯ. ಕರಾವಳಿಯವರಿಗೆ ಹೇಳಿದ್ದು ಇದನ್ನೇ: ಅಗಲ ತಟ್ಟೆಯಲ್ಲಿ ಒತ್ತಾಗಿ ಬಿತ್ತಿ, ಇಪ್ಪತ್ತು ದಿನಕ್ಕೆ ಕುಡಿ ಕತ್ತರಿಸಿ. ಕಾಯಿ ಬೇಡವಾದ್ದರಿಂದ ಬಿಸಿಲೂರಿನ ಭಯವಿಲ್ಲ. ಬೀಜಕ್ಕೆ ಔಷಧ ಬಳಿದಿರಬಾರದು, ಅಷ್ಟೆ.

ಹೂವಿಗೆ ದುಂಬಿ ಬರಲಿಲ್ಲವೆಂದು ಚಿಂತಿಸಬೇಡಿ. ಬಟಾಣಿ ಹೂವು ಅರಳುವ ಮೊದಲೇ ಒಳಗೆ ಪರಾಗಸ್ಪರ್ಶ ಮುಗಿದಿರುತ್ತದೆ. ಐದನೆಯ ಮಹಡಿಯ ಬಾಲ್ಕನಿಯಲ್ಲೂ ಕಾಯಿ ಕಟ್ಟುತ್ತದೆ.

ಕಾಯಿ ಮೊದಲು ಉದ್ದವಾಗುತ್ತದೆ, ಆಮೇಲೆ ತುಂಬುತ್ತದೆ. ಉದ್ದವಾದ ಕಾಯಿ ಚಪ್ಪಟೆಯಾಗಿ ವಾರವಿಡೀ ಹಾಗೆಯೇ ನೇತಾಡುವಾಗ ತಾಳ್ಮೆ ಬೇಕು. ಹೂ ಬಾಡಿದ ಸುಮಾರು ಮೂರು ವಾರಕ್ಕೆ ಕಾಯಿ ದುಂಡಗಾಗಿ, ಎರಡು ಬೆರಳ ನಡುವೆ ಒತ್ತಿದರೆ ಕಾಳುಗಳು ಒಂದಕ್ಕೊಂದು ತಾಗಿರುವುದು ಗೊತ್ತಾಗುತ್ತದೆ. ಸಿಪ್ಪೆಗೆ ಇನ್ನೂ ಹೊಳಪಿರಬೇಕು. ಹೊಳಪು ಮಾಸಿ ಮೇಲೆ ಬಲೆಯಂಥ ಗೆರೆ ಕಂಡರೆ ಎರಡು ದಿನ ತಡವಾಯಿತು, ಕಾಳು ಹಿಟ್ಟಾಗಿದೆ. ಸಂದೇಹವಿದ್ದರೆ ಒಂದು ಬಿಡಿಸಿ ಬಾಯಿಗೆ ಹಾಕಿಕೊಳ್ಳಿ, ನಾಲಗೆಗಿಂತ ಒಳ್ಳೆಯ ಮಾಪಕವಿಲ್ಲ.

ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದರಲ್ಲಿ ಕಾಯಿ ಕೀಳಿ. ಒಂಟಿ ಕೈಯಲ್ಲಿ ಎಳೆದರೆ ಗಿಡವೇ ಬೇರುಸಮೇತ ಬರುತ್ತದೆ. ಎರಡು ಮೂರು ದಿನಕ್ಕೊಮ್ಮೆ ತಪ್ಪದೆ ಕೀಳಬೇಕು. ನಾಲ್ಕು ಕಾಯಿ ಬಲಿಯಲು ಬಿಟ್ಟರೂ ಗಿಡ ತನ್ನ ಕೆಲಸ ಮುಗಿಯಿತೆಂದುಕೊಂಡು ಹೂ ನಿಲ್ಲಿಸುತ್ತದೆ. ಕಿತ್ತ ಗಳಿಗೆಯಿಂದ ಸಕ್ಕರೆ ಕರಗುತ್ತಾ ಹೋಗುವುದರಿಂದ ಬೆಳಿಗ್ಗೆ ಕಿತ್ತದ್ದು ಬೆಳಗಿನ ಉಪ್ಪಿಟ್ಟಿಗೇ ಬೀಳಲಿ. ಮಾರುಕಟ್ಟೆಯ ಬಟಾಣಿಗೂ ಹಿತ್ತಲ ಬಟಾಣಿಗೂ ಇರುವ ಅಂತರವೆಲ್ಲ ಈ ಒಂದು ಗಂಟೆಯಲ್ಲಿದೆ. ಡಿಸೆಂಬರ್‌ನಲ್ಲಿ ಸೊಗಡವರೆಯ ಮುಂದೆ ಬಟಾಣಿಗೆ ನಮ್ಮ ಮನೆಯಲ್ಲಿ ಎರಡನೇ ಮಣೆಯೇ ಸಿಗುವುದು, ಒಪ್ಪಿಕೊಳ್ಳುತ್ತೇನೆ. ಆದರೆ ಗಿಡದಿಂದ ನೇರ ಬಾಯಿಗೆ ಹಾಕಿಕೊಳ್ಳುವ ಕಾಳು ಅವರೆಯಲ್ಲಿ ಇಲ್ಲ.

ಹೆಚ್ಚಾಗಿ ಬಂದರೆ ಕುದಿನೀರಿನಲ್ಲಿ ಒಂದೂವರೆ ನಿಮಿಷ ಹಾಕಿ, ತಕ್ಷಣ ಐಸ್ ನೀರಿಗೆ ಸುರಿದು, ಬಟ್ಟೆಯಲ್ಲಿ ಒರೆಸಿ ಫ್ರೀಜರಿಗೆ ಸೇರಿಸಿ.

ಬೀಜ ಎತ್ತಿಡುವುದು

ಪರಾಗಸ್ಪರ್ಶ ಹೂವಿನೊಳಗೇ ನಡೆಯುವುದರಿಂದ ಅಕ್ಕಪಕ್ಕದ ತಳಿಗಳು ಬೆರೆಯುವುದು ಬಹಳ ಅಪರೂಪ. ಈ ವರ್ಷದ ಬೀಜದಿಂದ ಮುಂದಿನ ವರ್ಷ ಅದೇ ಗಿಡ ಬರುತ್ತದೆ. ಡಿಸೆಂಬರ್‌ನಲ್ಲೇ ಐದಾರು ಒಳ್ಳೆಯ ಗಿಡಗಳಿಗೆ ಬಣ್ಣದ ದಾರ ಕಟ್ಟಿ, ಅವುಗಳಿಂದ ಒಂದು ಕಾಯಿಯನ್ನೂ ಕೀಳಬೇಡಿ. ಹಂಗಾಮಿನ ಕೊನೆಯಲ್ಲಿ ಉಳಿದ ಬಡಕಲು ಕಾಯಿಗಳನ್ನು ಬೀಜಕ್ಕೆ ಬಿಡುವವರು ಬಡಕಲು ಗಿಡವನ್ನೇ ಪಡೆಯುತ್ತಾರೆ. ಕಾಯಿ ಕಂದಾಗಿ, ಅಲುಗಿಸಿದರೆ ಗಲಗಲ ಎನ್ನುವವರೆಗೆ ಗಿಡದಲ್ಲೇ ಒಣಗಲಿ. ಬಿಡಿಸಿ ನೆರಳಿನಲ್ಲಿ ವಾರ ಒಣಗಿಸಿ. ಕಾಯಿಯ ಮೇಲಿಟ್ಟ ಮೊಟ್ಟೆಯಿಂದ ಹೊರಟು ಕಾಳಿನೊಳಗೆ ಸೇರಿಕೊಂಡ ಹುಳು ಮೇ ತಿಂಗಳಿಗೆ ತೂತು ಕೊರೆದು ಹೊರಬರುವುದನ್ನು ತಪ್ಪಿಸಲು, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಒಂದು ವಾರ ಫ್ರೀಜರಿನಲ್ಲಿಟ್ಟು ತೆಗೆಯಿರಿ. ಬೀಜ ಚೆನ್ನಾಗಿ ಒಣಗಿರಬೇಕು, ಇಲ್ಲವಾದರೆ ಚಳಿಗೆ ಸಾಯುತ್ತದೆ. ಎರಡು ಮೂರು ವರ್ಷ ಮೊಳೆಯುವ ಶಕ್ತಿ ಉಳಿಯುತ್ತದೆ.

ಫೆಬ್ರುವರಿಯಲ್ಲಿ ಗಿಡ ಹಳದಿಯಾದಾಗ ಕೀಳದೆ ಬುಡಕ್ಕೆ ಕತ್ತರಿಸಿ. ಒಂದು ಗಿಡವನ್ನು ಮಾತ್ರ, ಅದೂ ಇನ್ನೂ ಹಸಿರಾಗಿ ಹೂ ಬಿಡುತ್ತಿರುವಾಗಲೇ, ಕುತೂಹಲವಿದ್ದವರು ಮಣ್ಣುಸಮೇತ ಎತ್ತಿ ಬೇರು ತೊಳೆದು ನೋಡಿ. ಸಾಸಿವೆಯಿಂದ ಅಕ್ಕಿಕಾಳಿನಷ್ಟು ದಪ್ಪದ ಗಂಟುಗಳಿರುತ್ತವೆ. ಒಂದನ್ನು ಉಗುರಿನಲ್ಲಿ ಸೀಳಿದರೆ ಒಳಗೆ ನಸುಗೆಂಪು, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿಯೇ ಆದ ಬಣ್ಣ ಅದು. ಕೆಂಪಿದ್ದರೆ ಗಂಟು ಕೆಲಸ ಮಾಡುತ್ತಿದೆ. ಬಿಳಿಯೋ ಬೂದಿಯೋ ಆಗಿದ್ದರೆ ಮುಂದಿನ ಸಲ ರೈಜೋಬಿಯಂ ಹಚ್ಚಲೇಬೇಕು. ಬಟಾಣಿ ಮಣ್ಣಿಗೆ ರಾಶಿ ಸಾರಜನಕ ಬಿಟ್ಟುಹೋಗುತ್ತದೆ ಎನ್ನುವುದು ಸ್ವಲ್ಪ ಉತ್ಪ್ರೇಕ್ಷೆ, ಹೆಚ್ಚಿನದು ನಾವು ತಿಂದ ಕಾಳಿಗೇ ಹೋಗಿರುತ್ತದೆ. ಆದರೂ ಬೇರು, ಬಳ್ಳಿ ಅಲ್ಲೇ ಕೊಳೆತರೆ ಮುಂದಿನ ಹರಿವೆ ಸೊಪ್ಪಿಗೆ ಸಾಕಷ್ಟಾಗುತ್ತದೆ.

ಬೀಜದ ಡಬ್ಬಿಗೆ ಚೀಟಿ ಅಂಟಿಸುವಾಗ ತಳಿಯ ಹೆಸರು, ಎತ್ತಿಟ್ಟ ವರ್ಷದ ಜತೆಗೆ ಇನ್ನೊಂದು ಸಾಲು ಬರೆಯಿರಿ. ನಮ್ಮ ಡಬ್ಬಿಯ ಮೇಲಿನದನ್ನು ಅತ್ತೆಯೇ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: "ಶಿವರಾತ್ರಿಗೆ ಅಲ್ಲ, ದೀಪಾವಳಿಗೆ."